ಡೆಲ್ಮರ್ ಕೆರೆಗೆ ಬಿಟ್ಟದ್ದೇನು?

ನಮ್ಮೂರು ಜುನಿಪರ್ ಬೆಂಡಿನ ಸೆಪ್ಟಿಕ್ ಟ್ಯಾಂಕುಗಳನ್ನು ಇಪ್ಪತ್ತಾರು ವರ್ಷದಿಂದ ಖಾಲಿ ಮಾಡುತ್ತಿರುವವನು ಡೆಲ್ಮರ್ ಪ್ರುಯೆಟ್. ಊರಿನ ಪ್ರತಿ ಮನೆಯ ಒಳಗುಟ್ಟು ಅವನಿಗೆ ಗೊತ್ತು. ಆದರೂ ಅವನನ್ನು ಕೂರಿಸಿ ಕಾಫಿ ಕೊಟ್ಟ ಮನೆ ಒಂದೂ ಇರಲಿಲ್ಲ. ಕರೆಯುವಾಗ ಆತುರ, ಕಳಿಸುವಾಗ ಅದಕ್ಕಿಂತ ಆತುರ.

ಅವನು ಕಾಫಿ ಕುಡಿಯುತ್ತಿದ್ದದ್ದು ನನ್ನ ಹೋಟೆಲಿನಲ್ಲಿ. ನನ್ನ ಹೆಸರು ಪೀಟ್ ಎಚೆವೆರಿ. ಹೆದ್ದಾರಿಯ ತಿರುವಿನಲ್ಲಿ ಹತ್ತೊಂಬತ್ತು ವರ್ಷದಿಂದ ಮೊಟ್ಟೆ ಒಡೆಯುತ್ತಿದ್ದೇನೆ. ಊರಿನಲ್ಲಿ ಏನೇ ನಡೆದರೂ ಮೊದಲು ನನ್ನ ಕೌಂಟರಿಗೆ ಬಂದು, ಅಲ್ಲಿ ಸ್ವಲ್ಪ ದೊಡ್ಡದಾಗಿ, ಆಮೇಲೆ ಊರಿಗೆ ಹೋಗುತ್ತದೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಹ್ಯಾಚೆಟ್ ಕೆರೆ ಸರ್ಕಾರದ್ದು. ಸರ್ಕಾರದ ಲಾರಿಯೂ ಬಂದು ಮೀನು ಬಿಡುತ್ತದೆ, ಗೇಣುದ್ದದ್ದು. ಲಾಸ್ ಏಂಜಲೀಸಿನಿಂದ ಐದು ಗಂಟೆ ಕಾರು ಓಡಿಸಿಕೊಂಡು ಬಂದವನು ಗೇಣುದ್ದದ ಮೀನಿನ ಜೊತೆ ಫೋಟೊ ತೆಗೆಸಿಕೊಳ್ಳುವುದಿಲ್ಲ. ಹಾಗಾಗಿ ಮೊಳದುದ್ದದ ಟ್ರೌಟ್ ಮೀನುಗಳನ್ನು ಖಾಸಗಿ ಫಾರ್ಮಿನಿಂದ ತರಿಸಿ ಬಿಡುವುದು ಊರಿನ ವ್ಯಾಪಾರಿಗಳ ಪಾಲಿಗೆ ಬಂದಿದೆ. ಏಪ್ರಿಲ್ ತಿಂಗಳ ಕೊನೆಯ ಶನಿವಾರ ಗಾಳ ಹಾಕುವ ಕಾಲ ಶುರು. ಆ ದಿನ ಚೆನ್ನಾಗಿ ನಡೆದರೆ ಊರು ಮುಂದಿನ ಹಿಮ ಬೀಳುವವರೆಗೆ ನೆಮ್ಮದಿಯಾಗಿರುತ್ತದೆ. ಮೀನು ಕೊಟ್ಟವರ ಹೆಸರನ್ನು ದಡದ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸುತ್ತಾರೆ. ಹನ್ನೊಂದು ವರ್ಷದಿಂದ ಅಲ್ಲಿ ಇದ್ದದ್ದು ಒಂದೇ ಹೆಸರು: ಟಾರ್ಬೆಟ್ ಲಾಡ್ಜ್.

ಫೆಬ್ರವರಿಯಲ್ಲಿ ವ್ಯಾಪಾರಿಗಳ ಸಭೆ ನನ್ನ ಹೋಟೆಲಿನಲ್ಲೇ ನಡೆಯಿತು. ಡೆಲ್ಮರ್ ಎದ್ದು ನಿಂತ. ಅವನು ಸಭೆಯಲ್ಲಿ ಎದ್ದು ನಿಂತದ್ದು ಅದೇ ಮೊದಲು.

"ಈ ವರ್ಷ ನಾನೂ ಒಂದಿಷ್ಟು ಮೀನು ಕೊಡೋಣ ಅಂತಿದ್ದೀನಿ" ಎಂದ.

ಲಾಡ್ಜ್ ಮಾಲೀಕ ಲೈಲ್ ಟಾರ್ಬೆಟ್ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದ: "ನೀನು ಕೊಟ್ಟಿದ್ದನ್ನ ತಿನ್ನೋರ್ಯಾರು ಡೆಲ್ಮರ್?"

ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಬಿಸಿ ಕಾಫಿ ಇದ್ದದ್ದರಿಂದ ನಾನು ಸ್ವಲ್ಪವೇ ನಕ್ಕೆ. ಡೆಲ್ಮರ್ ಕುಳಿತುಕೊಂಡ. ಆ ಮಾತು ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು.

ಮಾರ್ಚಿನಲ್ಲಿ ಒಂದು ದಿನ ಅವನು ಕೌಂಟರಿಗೆ ಮೊಣಕೈ ಊರಿ ಕೇಳಿದ: "ಪೀಟ್, ನಮ್ಮ ಕೆರೆ ಎಷ್ಟು ತಡ್ಕೊಳ್ಳುತ್ತೆ?"

"ಏನನ್ನ?"

"ಏನಿಲ್ಲ, ಸುಮ್ನೆ ಕೇಳ್ದೆ."

ಇನ್ನೊಂದು ವಾರ ಬಿಟ್ಟು: "ಬೆಳಗ್ಗೆ ಬೆಳಗ್ಗೆ ದೋಣಿ ಇಳಿಸೋ ಜಾಗದಲ್ಲಿ ಯಾರಾದ್ರೂ ಇರ್ತಾರಾ?"

"ಯಾಕಯ್ಯಾ?"

"ಸುಮ್ನೆ."

ನಡೆದದ್ದು ಇಷ್ಟು. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ನಮಗೆ ತಿಳಿಯಲು ಎರಡು ದಿನ ಹಿಡಿಯಿತು. ಡೆಲ್ಮರ್ ಯಾರಿಗೂ ಹೇಳದೆ ಕಣಿವೆಯ ಕೆಳಗಿನ ಫಾರ್ಮಿನ ಅನ್ಸೆಲ್ಮೊ ಎಂಬವನಿಂದ ಟ್ರೌಟ್ ಕೊಂಡಿದ್ದ. ಸರ್ಕಾರದ ಪರವಾನಗಿ ಅನ್ಸೆಲ್ಮೊ ಬಳಿ ಇತ್ತು. ಟಾರ್ಬೆಟ್‌ಗೆ ಸುಳಿವು ಸಿಕ್ಕರೆ ಅದರ ಎರಡರಷ್ಟು ಬಿಟ್ಟಾನೆಂಬ ಭಯಕ್ಕೆ ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಆದರೆ ಗಾಳದ ಶನಿವಾರಕ್ಕೆ ಎರಡು ದಿನ ಮೊದಲು, ಗುರುವಾರ ಬೆಳಗ್ಗೆ ಐದಕ್ಕೆ ಅನ್ಸೆಲ್ಮೊನ ಮೀನಿನ ಲಾರಿ ಘಾಟಿಯ ಅರ್ಧದಲ್ಲಿ ಹೊಗೆ ಬಿಟ್ಟು ನಿಂತಿತು. ಮೀನು ಹೆಚ್ಚು ಹೊತ್ತು ಉಳಿಯುವಂತಿರಲಿಲ್ಲ. ಡೆಲ್ಮರ್ ಬಳಿ ಒಂದು ಹೊಸ ಟ್ಯಾಂಕರ್ ಇತ್ತು. ಸೋಮವಾರವಷ್ಟೇ ಕಾರ್ಖಾನೆಯಿಂದ ಬಂದದ್ದು, ಒಂದು ಹನಿ ಕೊಳಚೆಯನ್ನೂ ಕಾಣದ್ದು. ಅನ್ಸೆಲ್ಮೊ ಫೋನ್ ಮಾಡಿದೊಡನೆ ಅದನ್ನೇ ಅಲ್ಲಿಗೆ ಓಡಿಸಿದ. ಇಬ್ಬರೂ ಸೇರಿ ಬಲೆಯಲ್ಲಿ ಬಾಚಿ ಮೀನನ್ನೂ ನೀರನ್ನೂ ಆಮ್ಲಜನಕದ ಸಿಲಿಂಡರನ್ನೂ ಅದಕ್ಕೆ ಸಾಗಿಸಿದರು. ಅನ್ಸೆಲ್ಮೊ ಕೆಟ್ಟ ಲಾರಿಯ ಬಳಿ ಉಳಿದ. ಡೆಲ್ಮರ್ ಒಬ್ಬನೇ ಕೆರೆಗೆ ಹೋಗಿ, ಟ್ಯಾಂಕರನ್ನು ಹಿಂದಕ್ಕೆ ತಂದು, ದಪ್ಪ ಕೊಳವೆಯನ್ನು ನೀರಿಗಿಳಿಸಿ ವಾಲ್ವ್ ತಿರುಗಿಸಿದ.

ಒಂದೇ ತೊಂದರೆ. ಪೇಂಟರ್ ಆ ಟ್ಯಾಂಕರಿನ ಎರಡೂ ಬದಿಗೆ ಮಂಗಳವಾರವೇ ಹೆಸರು ಬರೆದು ಮುಗಿಸಿದ್ದ. "ಪ್ರುಯೆಟ್ ಸೆಪ್ಟಿಕ್ ಸರ್ವಿಸ್" ಎಂದು ಮೇಲೆ. "ನಿಮ್ಮದೆಲ್ಲ ನಮ್ಮದು" ಎಂದು ಕೆಳಗೆ.

ಆ ಹೊತ್ತಿಗೆ ಆಚೆ ದಡದಲ್ಲಿ ಸ್ಟಬ್ಸ್ ಟೀಚರ್ ಹಕ್ಕಿ ನೋಡುತ್ತ ಕುಳಿತಿದ್ದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು. ಅವರ ಬೈನಾಕ್ಯುಲರ್ ಬಹಳ ಒಳ್ಳೆಯದು.

ಏಳೂವರೆಗೆ ಅವರು ನನ್ನ ಹೋಟೆಲಿಗೆ ಬಂದರು.

"ಪೀಟ್, ಡೆಲ್ಮರ್ ಕೆರೆಗೆ ಟ್ಯಾಂಕರ್ ಖಾಲಿ ಮಾಡ್ತಿದ್ದ."

"ಬೇರೆ ಯಾರೋ ಇರ್ಬೇಕು ಟೀಚರ್."

"ಟ್ಯಾಂಕರ್ ಮೇಲಿನ ಫೋನ್ ನಂಬರ್ ಕೂಡ ಓದಿದೀನಿ. ಕೊಳವೆಯಿಂದ ಕಪ್ಪಗೆ ಏನೋ ಗುಳುಗುಳು ಅಂತ ಬೀಳ್ತಿತ್ತು. ಅವನು ಪಕ್ಕದಲ್ಲಿ ನಿಂತು ನಗ್ತಿದ್ದ."

ನಗುತ್ತಿದ್ದ ಎಂಬುದೇ ನಮ್ಮನ್ನು ಕೆಡಿಸಿದ್ದು. ತಿಂಡಿಗೆ ಬಂದಿದ್ದ ಹನ್ನೆರಡು ಜನ ಚಮಚ ಕೆಳಗಿಟ್ಟರು. ಕೆರೆ ಎಷ್ಟು ತಡೆದುಕೊಳ್ಳುತ್ತದೆ ಎಂದು ಅವನು ಕೇಳಿದ್ದನ್ನು ನಾನು ಹೇಳಿದೆ. ಯಾರೂ ಇಲ್ಲದ ಹೊತ್ತನ್ನು ವಿಚಾರಿಸಿದ್ದನ್ನೂ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಅಷ್ಟು ಜನ ಒಟ್ಟಿಗೆ ನನ್ನ ಮಾತು ಕೇಳುವುದು ಅಪರೂಪ.

"ಹೊಸ ಟ್ಯಾಂಕರಿಗೆ ದುಡ್ಡು ಹೇಗೆ ಉಳಿಸ್ದ ಅಂತ ಈಗ ಗೊತ್ತಾಯ್ತು" ಎಂದ ಟಾರ್ಬೆಟ್. "ಕೊಳಚೆ ಘಟಕಕ್ಕೆ ನಲವತ್ತು ಮೈಲಿ ಹೋಗ್ಬೇಕು. ಕೆರೆಗೆ ಎರಡೇ."

ಅಷ್ಟರಲ್ಲಿ ಬಾಗಿಲು ತೆರೆದು ಡೆಲ್ಮರ್ ಒಳಬಂದ. ಮೊಣಕಾಲಿನವರೆಗೆ ಒದ್ದೆ. ಮುಖದಲ್ಲಿ ಹಬ್ಬದ ಕಳೆ. ನೇರ ಕೌಂಟರಿಗೆ ಬಂದು ಮೂರು ಮೊಟ್ಟೆ ಹೇಳಿದ.

"ಬೆಳಗ್ಗೆ ಕೆರೆ ಹತ್ರ ಇದ್ಯಂತೆ" ಎಂದ ಟಾರ್ಬೆಟ್.

ಡೆಲ್ಮರ್ ಕೆಂಪಾದ. "ಅಯ್ಯೋ, ನೋಡಿಬಿಟ್ರಾ? ಶನಿವಾರದವರೆಗೂ ಯಾರಿಗೂ ಗೊತ್ತಾಗಬಾರದು ಅಂತಿದ್ದೆ."

"ಹಾಗಾದ್ರೆ ಬಿಟ್ಟಿದ್ದು ನಿಜ?"

"ನಿಜ."

"ಎಷ್ಟು?"

"ಸಾವಿರ ಪೌಂಡು" ಎಂದ ಡೆಲ್ಮರ್ ಹೆಮ್ಮೆಯಿಂದ. "ಟ್ಯಾಂಕಲ್ಲಿ ಇನ್ನೂ ಜಾಗ ಇತ್ತು. ಮುಂದಿನ ವರ್ಷ ಇದರ ಎರಡರಷ್ಟು ಬಿಡ್ತೀನಿ."

ಮೂಲೆಯಲ್ಲಿ ಯಾರದೋ ಲೋಟ ಉರುಳಿತು. ಸ್ಟಬ್ಸ್ ಟೀಚರ್ ಎದ್ದು ಅವನ ಮುಂದೆ ನಿಂತರು.

"ಡೆಲ್ಮರ್, ನಿನಗೆ ಓದು ಕಲಿಸಿದವಳು ನಾನು. ನನಗೆ ನಿಜ ಹೇಳು. ಯಾಕೆ ಹೀಗೆ ಮಾಡ್ದೆ?"

"ಊರಿಗೆ ಏನಾದ್ರೂ ವಾಪಸ್ ಕೊಡ್ಬೇಕು ಅನ್ನಿಸ್ತು ಮೇಡಂ. ಇಪ್ಪತ್ತಾರು ವರ್ಷ ಇವರಿಂದ ತಗೊಂಡಿದ್ದೇ ಆಯ್ತು."

ಟೀಚರ್ ಹಾಗೇ ಕುಳಿತುಬಿಟ್ಟರು. ಡೆಲ್ಮರ್ ಮೊಟ್ಟೆ ಮುಗಿಸಿ, ಬಾಯಿ ಒರೆಸಿಕೊಂಡು, ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದ: "ಶನಿವಾರ ಖಂಡಿತ ಬನ್ನಿ. ಒಬ್ಬೊಬ್ಬರ ಗಾಳಕ್ಕೂ ಒಂದೊಂದು ಸಿಗುತ್ತೆ."

ಅವನು ಸಿಳ್ಳೆ ಹಾಕುತ್ತ ಹೋದ. ಟಾರ್ಬೆಟ್ ಜಿಲ್ಲಾ ಆರೋಗ್ಯ ಕಚೇರಿಗೆ ಫೋನ್ ಮಾಡಿದ.

ಮಧ್ಯಾಹ್ನಕ್ಕೆ ಇನ್‌ಸ್ಪೆಕ್ಟರ್ ಕ್ವಿಸ್ಟ್ ಬಂದರು. ಸಣಕಲು ಮನುಷ್ಯ, ಉದ್ದ ಮೂಗು, ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಅಭ್ಯಾಸ.

"ಸಾವಿರ ಪೌಂಡ್ ಅಂತ ಅವರ ಬಾಯಿಂದಲೇ ಬಂತಾ?"

"ನಮ್ಮೆಲ್ಲರ ಮುಂದೆ."

"ಮುಂದಿನ ವರ್ಷದ ಬಗ್ಗೆ ಏನಾದ್ರೂ?"

"ಎರಡರಷ್ಟು ಅಂದ."

ಕ್ವಿಸ್ಟ್ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದರು. ಮೂರು ಬಾಟಲಿಯಲ್ಲಿ ಕೆರೆಯ ನೀರು ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಿ, ದಡದುದ್ದಕ್ಕೂ ಹಳದಿ ಪಟ್ಟಿ ಕಟ್ಟಿಸಿದರು. ಫಲಿತಾಂಶ ಶುಕ್ರವಾರ ಸಂಜೆಗೆ. ಅಲ್ಲಿಯವರೆಗೆ ಕೆರೆ ಬಂದ್. ನೀರು ಕೆಟ್ಟಿದ್ದರೆ ಶನಿವಾರವೂ ಬಂದ್.

ಸುದ್ದಿ ಕಣಿವೆ ಇಳಿಯಲು ಒಂದು ಗಂಟೆ ಸಾಕಾಯಿತು. ಲಾಡ್ಜಿನ ಏಳು ಕೋಣೆಯವರು ಬರುವುದಿಲ್ಲವೆಂದರು. ತಾನು ಶುಕ್ರವಾರ ಬಿಡಬೇಕಿದ್ದ ಮೀನನ್ನು ಟಾರ್ಬೆಟ್ ರದ್ದು ಮಾಡಿದ. ನಾನು ತರಿಸಿದ್ದ ಇಪ್ಪತ್ತು ಡಜನ್ ಮೊಟ್ಟೆ ನನ್ನನ್ನೇ ನೋಡುತ್ತ ಕುಳಿತವು.

ಮೂರು ಗಂಟೆಗೆ ಡೆಲ್ಮರನ ಹೆಂಡತಿ ನೋರೀನ್ ಹಿಂಬಾಗಿಲಿಂದ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು.

"ಒಂದು ತಿಂಗಳಿಂದ ಫೋನಲ್ಲಿ ಪಿಸುಗುಡ್ತಾನೆ ಪೀಟ್. 'ಚಿಕ್ಕವು ಬೇಡ, ದಪ್ಪಗಿರಬೇಕು, ಮೈಮೇಲೆ ಬಣ್ಣ ಇರಬೇಕು, ನಮ್ಮೂರಿಗೆ ಬರೋವರೆಗೆ ಜೀವ ಇದ್ರೆ ಸಾಕು' ಅಂತಾನೆ. ನಾನು ಹೆಂಗಸರ ವಿಷಯ ಅಂದ್ಕೊಂಡಿದ್ದೆ."

"ಎಷ್ಟು ಜನ ಅಂದ್ಕೊಂಡಿದ್ದೆ?"

"ಅದೇ ಲೆಕ್ಕ ಸಿಗ್ತಿರಲಿಲ್ಲ. ಈಗ ನೋಡಿದ್ರೆ ಇದು. ಹೆಂಗಸರೇ ಆಗಿದ್ರೆ ಕೆರೆ ಆದ್ರೂ ಉಳೀತಿತ್ತು."

ಅವಳ ಮಾತಿನಲ್ಲಿ ಬೇರೆ ಅರ್ಥ ಅಡಗಿದೆಯೆಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೊಳಚೆಗೆ ಬಣ್ಣ ಯಾಕೆ ಬೇಕು ಎಂದಷ್ಟೇ ಯೋಚಿಸಿದೆ.

ನಾಲ್ಕು ಗಂಟೆಗೆ ಡೆಲ್ಮರ್ ಹಳದಿ ಪಟ್ಟಿಯನ್ನು ಕಂಡ. ಊರಿಗೂರೇ ದಡದಲ್ಲಿತ್ತು. ವಿಷಯ ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದದ್ದೇ ನೇರ ಇನ್‌ಸ್ಪೆಕ್ಟರ್ ಬಳಿಗೆ ಓಡಿದ.

"ಸಾರ್, ಅದು ಮೀನು" ಎಂದ ಕ್ವಿಸ್ಟ್‌ಗೆ.

"ಯಾವುದು ಮೀನು?"

"ನಾನು ಬಿಟ್ಟಿದ್ದು. ಟ್ರೌಟ್."

"ಸೆಪ್ಟಿಕ್ ಲಾರಿಯಿಂದ?"

"ಹೌದು ಸಾರ್."

ಕ್ವಿಸ್ಟ್ 'ಮೀನು' ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಮೀನು ಅಂತಲೇ ಹೇಳೋದು" ಎಂದ ಟಾರ್ಬೆಟ್, ಇಂಥವರನ್ನು ಬಹಳ ಜನ ಕಂಡವನ ಹಾಗೆ.

ಅನ್ಸೆಲ್ಮೊಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವನು ಯಾವುದೋ ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿದ್ದ. ಗಾಳ ಹಾಕಿ ತೋರಿಸೋಣವೆಂದರೆ ಶನಿವಾರಕ್ಕೆ ಮೊದಲು ಗಾಳ ಹಾಕುವುದು ಅಪರಾಧ. ಕೊನೆಗೆ ಎಲ್ಲರೂ ನೀರನ್ನೇ ನೋಡುತ್ತ ನಿಂತೆವು. ಒಂದು ಮೀನು ಮೇಲೆ ಹಾರಿದರೂ ಸಾಕಿತ್ತು. ಒಂದು ಗಂಟೆ ಕಳೆಯಿತು. ಒಂದು ಗುಳ್ಳೆಯೂ ಏಳಲಿಲ್ಲ.

"ಹೊಸ ಜಾಗ" ಎಂದ ಡೆಲ್ಮರ್ ಸಣ್ಣ ದನಿಯಲ್ಲಿ. "ಸಂಕೋಚ ಇರುತ್ತೆ."

ಶುಕ್ರವಾರ ಬೆಳಗ್ಗೆ ಕ್ವಿಸ್ಟ್ ಟ್ಯಾಂಕರನ್ನೇ ಪರೀಕ್ಷಿಸಲು ಹೊರಟರು. ಡೆಲ್ಮರನ ಅಂಗಳದಲ್ಲಿ ಇಪ್ಪತ್ತು ಜನ ಸೇರಿದೆವು. ಕ್ವಿಸ್ಟ್ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ತಲೆಯನ್ನು ಒಳಗೆ ಇಳಿಸಿದರು. ನಾವು ಉಸಿರು ಬಿಗಿಹಿಡಿದೆವು. ಕೆಲವರು ಮೂಗನ್ನೂ ಹಿಡಿದುಕೊಂಡಿದ್ದರು.

"ಏನಿದೆ ಸಾರ್?" ಎಂದೆ.

"ಒಂದು ಮೀನಿದೆ" ಎಂದಿತು ಟ್ಯಾಂಕರಿನೊಳಗಿನ ದನಿ.

ಡೆಲ್ಮರ್ ಏಣಿಯ ಕೆಳಮೆಟ್ಟಿಲ ಮೇಲೆ ಕುಳಿತ. ನೋರೀನ್ ಅವನ ಹೆಗಲ ಮೇಲೆ ಕೈ ಇಟ್ಟಳು. ಅವನನ್ನು ಮುಟ್ಟಲು ಆ ಎರಡು ದಿನದಲ್ಲಿ ಮುಂದೆ ಬಂದವಳು ಅವಳೊಬ್ಬಳೇ.

"ಜೀವಂತ ಇದೆಯಾ?" ಎಂದ ಟಾರ್ಬೆಟ್.

"ಸತ್ತಿದೆ."

"ನೋಡಿದ್ರಾ? ಆ ಟ್ಯಾಂಕರಲ್ಲಿ ಮೀನು ಬದುಕಲ್ಲ. ಒಂದು ಸತ್ತಿದೆ ಅಂದ್ರೆ ಉಳಿದವೂ ಕೆರೆ ತಳದಲ್ಲಿ ಸತ್ತು ಬಿದ್ದಿರ್ತವೆ."

ಹೀಗೆ, ಅವನು ಕೊಳಚೆ ಬಿಟ್ಟವನೆಂಬ ಅನುಮಾನ ಹೋಗಿ, ಕೊಳಚೆಯಲ್ಲಿ ಅದ್ದಿದ ಮೀನು ಬಿಟ್ಟವನೆಂಬ ಅನುಮಾನ ಬಂತು. ಅಷ್ಟರಲ್ಲಿ ಅನ್ಸೆಲ್ಮೊ ಫೋನ್ ಮಾಡಿ ಮೀನು ತನ್ನದೇ ಎಂದೂ, ಪರವಾನಗಿ ಇದೆಯೆಂದೂ, ಟ್ಯಾಂಕರ್ ಹೊಸದೆಂದೂ ಆಣೆ ಇಟ್ಟು ಹೇಳಿದ. ಟಾರ್ಬೆಟ್ ಒಪ್ಪಲಿಲ್ಲ.

"ಹೊಸದೋ ಹಳೇದೋ, ಮೇಲೆ ಏನು ಬರೆದಿದೆ ಅಂತ ಓದಿ. ಯಾರು ತಿಂತಾರೆ ಇದನ್ನ?"

ಡೆಲ್ಮರ್ ಎದ್ದು ನಿಂತ. ದನಿ ಏರಿಸಲಿಲ್ಲ.

"ನಿಮ್ಮೆಲ್ಲರ ಹಿತ್ತಲಿಗೂ ಬಂದಿದ್ದೀನಿ. ಯಾರ ಮನೇಲಿ ಏನು ಕಂಡೆ ಅಂತ ಯಾವತ್ತಾದ್ರೂ ಬಾಯಿ ಬಿಟ್ಟಿದ್ದೀನಾ? ನೀವು ನನ್ನ ಬಗ್ಗೆ ನಂಬೋದಕ್ಕೆ ಒಂದು ತಿಂಡಿ ಹೊತ್ತು ಸಾಕಾಯ್ತು."

ಅವನು ಕಂಡಿರಬಹುದಾದದ್ದನ್ನು ಒಬ್ಬೊಬ್ಬರೂ ಮನಸ್ಸಿನಲ್ಲೇ ನೆನಪಿಸಿಕೊಳ್ಳುತ್ತಿದ್ದೆವು.

ಕೊನೆಗೆ ಟೀಚರ್ ಮುಂದೆ ಬಂದರು. "ತಪ್ಪು ನಂದೂ ಇದೆ. ಆದ್ರೆ ಡೆಲ್ಮರ್, ಉತ್ತರವನ್ನ ಪೂರ್ತಿ ವಾಕ್ಯದಲ್ಲಿ ಹೇಳು ಅಂತ ಎರಡನೇ ಕ್ಲಾಸಿಂದ ಹೇಳ್ತಾ ಬಂದಿದ್ದೀನಿ."

ಕ್ವಿಸ್ಟ್ ಏಣಿ ಇಳಿದು ಮೂಗು ಒರೆಸಿಕೊಂಡರು. "ಟ್ಯಾಂಕರಲ್ಲಿ ಬರೀ ಮೀನಿನ ವಾಸನೆ. ಆದರೆ ನಿನ್ನೆ ಕೆರೆ ಹತ್ರ ನನಗೆ ಬೇರೆ ವಾಸನೆ ಬಂದಿತ್ತು. ಅದು ಎಲ್ಲಿಂದ ಅಂತ ನೋಡ್ಬೇಕು."

ಅವರು ಮೂಗನ್ನು ಗಾಳಿಗೆ ಹಿಡಿದು ದಡದುದ್ದಕ್ಕೂ ನಡೆದರು. ನಾವೂ ಹಿಂದೆಯೇ ನಡೆದೆವು. ದೋಣಿ ಇಳಿಸುವ ಜಾಗ ದಾಟಿತು; ಕ್ವಿಸ್ಟ್ ನಿಲ್ಲಲಿಲ್ಲ. ಟಾರ್ಬೆಟ್ ಲಾಡ್ಜಿನ ಹಿಂಭಾಗ ಬಂತು. ಅಲ್ಲಿ ನಿಂತರು. ಸುತ್ತಮುತ್ತಲ ನೆಲ ಇನ್ನೂ ಚಳಿಗಾಲದ ಕಂದು ಬಣ್ಣದಲ್ಲಿದ್ದರೆ, ಒಂದು ತುಂಡು ಜಾಗದಲ್ಲಿ ಮಾತ್ರ ಹುಲ್ಲು ಮಂಡಿಯೆತ್ತರ ಹಸಿರಾಗಿ ನಿಂತಿತ್ತು.

"ಇಲ್ಲಿ ಏನು ಗೊಬ್ಬರ ಹಾಕಿದ್ದೀರಿ?"

"ಏನೂ ಹಾಕಿಲ್ಲ" ಎಂದ ಟಾರ್ಬೆಟ್. "ಮಣ್ಣು ಒಳ್ಳೇದು."

"ನಿಮ್ಮ ಸೆಪ್ಟಿಕ್ ಟ್ಯಾಂಕ್ ಕೊನೇ ಸಲ ಖಾಲಿ ಮಾಡಿಸಿದ್ದು ಯಾವಾಗ?"

ಟಾರ್ಬೆಟ್ ಬೆಟ್ಟದ ಕಡೆ ನೋಡಿದ. ಡೆಲ್ಮರ್ ಸಹಾಯಕ್ಕೆ ಬಂದ. ಅವನ ಸ್ವಭಾವವೇ ಹಾಗೆ. "ಒಂಬತ್ತು ವರ್ಷ ಆಯ್ತು ಸಾರ್. ಪ್ರತಿ ಮಾರ್ಚಿನಲ್ಲಿ ನೆನಪಿನ ಕಾರ್ಡ್ ಕಳಿಸ್ತೀನಿ. ಗೆಸ್ಟ್‌ಗಳ ಮುಂದೆ ನನ್ನ ಲಾರಿ ನಿಲ್ಲೋದು ಅವರಿಗೆ ಇಷ್ಟ ಇಲ್ಲ."

ಕ್ವಿಸ್ಟ್ ಹಸಿರು ಹುಲ್ಲಿನಿಂದ ನೀರಿನವರೆಗೆ ಹೆಜ್ಜೆ ಎಣಿಸಿದರು. ಮೂವತ್ತು. "ನಿಮ್ಮ ಟ್ಯಾಂಕ್ ತುಂಬಿ ಸೋರ್ತಿದೆ. ಇನ್ನೂ ಕೆರೆ ಮುಟ್ಟಿಲ್ಲ. ಸಂಜೆ ಐದರೊಳಗೆ ಟ್ಯಾಂಕ್ ಖಾಲಿಯಾಗ್ಬೇಕು. ಇಲ್ಲದಿದ್ರೆ ಲಾಡ್ಜಿಗೂ ಬೀಗ, ನಾಳೆ ಕೆರೆಗೂ ಬೀಗ."

ಊರಿನಲ್ಲಿ ಆ ಕೆಲಸ ಮಾಡುವವನು ಒಬ್ಬನೇ. ಇನ್ನೊಬ್ಬ ಬೆಟ್ಟದ ಆಚೆ ಇದ್ದಾನೆ, ಆ ರಸ್ತೆ ಜೂನ್‌ವರೆಗೆ ಹಿಮದಡಿ. ಇಪ್ಪತ್ತು ಜನರೂ ಟಾರ್ಬೆಟ್‌ನನ್ನು ನೋಡಿದರು. ಟಾರ್ಬೆಟ್ ಡೆಲ್ಮರ್‌ನನ್ನು ನೋಡಿದ.

"ಡೆಲ್ಮರ್... ಒಂದು ಉಪಕಾರ ಆಗ್ಬೇಕಿತ್ತು."

"ಪೂರ್ತಿ ವಾಕ್ಯದಲ್ಲಿ" ಎಂದರು ಟೀಚರ್.

ಟಾರ್ಬೆಟ್ ಕನ್ನಡಕ ತೆಗೆದ, ಹಾಕಿಕೊಂಡ. "ಡೆಲ್ಮರ್, ದಯವಿಟ್ಟು ನನ್ನ ಟ್ಯಾಂಕ್ ಖಾಲಿ ಮಾಡಿಕೊಡು. ನಿನ್ನ ಬಗ್ಗೆ ಹಾಗೆಲ್ಲ ಹೇಳಿದ್ದು ತಪ್ಪಾಯ್ತು."

ಡೆಲ್ಮರ್ ಹಸಿರು ಹುಲ್ಲನ್ನು ಬೂಟಿನಿಂದ ಒತ್ತಿ ನೋಡಿದ. "ಮಾಡ್ತೀನಿ" ಎಂದ.

"ಹಿಂದಿನ ದಾರಿಯಿಂದ ಬಾ. ಗೆಸ್ಟ್‌ಗಳು..."

"ಹಿಂದಿನ ದಾರಿ ಪೂರಾ ಕೆಸರು. ಲಾರಿ ಹೂತುಬಿಡುತ್ತೆ. ಮುಂದಿನಿಂದಲೇ ಬರ್ಬೇಕು."

ನಾವೆಲ್ಲ ಈಗಷ್ಟೇ ಆ ಹಿಂದಿನ ದಾರಿಯಲ್ಲೇ ನಡೆದು ಬಂದಿದ್ದೆವು. ನನ್ನ ಬೂಟು ನೋಡಿಕೊಂಡೆ. ಧೂಳಷ್ಟೇ ಇತ್ತು.

ಹೊಸ ಟ್ಯಾಂಕರ್ ತನ್ನ ಮೊದಲ ಕೊಳಚೆಯನ್ನು ಟಾರ್ಬೆಟ್ ಲಾಡ್ಜಿನ ಮುಖ್ಯದ್ವಾರದಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ, ಬಹಳ ನಿಧಾನವಾಗಿ ಹೀರಿತು. ಬುಕಿಂಗ್ ರದ್ದು ಮಾಡದೆ ಧೈರ್ಯವಾಗಿ ಬಂದಿದ್ದ ಗೆಸ್ಟ್‌ಗಳು ಸೂಟ್‌ಕೇಸ್ ಹಿಡಿದು ಕೊಳವೆಯನ್ನು ದಾಟಿಕೊಂಡು ಒಳಗೆ ಹೋದರು. ಡೆಲ್ಮರ್ ಒಬ್ಬೊಬ್ಬರಿಗೂ ಟೋಪಿ ಎತ್ತಿ ಸ್ವಾಗತ ಹೇಳಿದ. ಐದು ಗಂಟೆಗೆ ಪ್ರಯೋಗಾಲಯದಿಂದ ಫೋನ್ ಬಂತು: ಕೆರೆಯ ನೀರು ಶುದ್ಧ.

ಶನಿವಾರ ದಡದ ಬೋರ್ಡಿನಲ್ಲಿ "ಈ ವರ್ಷದ ಟ್ರೌಟ್: ಪ್ರುಯೆಟ್ ಸೆಪ್ಟಿಕ್ ಸರ್ವಿಸ್ ಕೊಡುಗೆ" ಎಂದು ಬರೆದಿತ್ತು. ನಿರೀಕ್ಷಿಸಿದ್ದರ ಅರ್ಧದಷ್ಟು ಜನ ಬಂದಿದ್ದರು. ಬಂದವರು ಬೋರ್ಡ್ ಓದಿದರು, ಇನ್ನೊಮ್ಮೆ ಓದಿದರು, ಪಕ್ಕದವರಿಗೆ ತೋರಿಸಿದರು. ಏಳು ಗಂಟೆಗೆ ಪಸಡೀನಾದಿಂದ ಬಂದಿದ್ದ ಒಬ್ಬ ದಪ್ಪ ಮನುಷ್ಯನ ಗಾಳದ ಕೋಲು ಬಾಗಿತು. ಮೊಳಕ್ಕಿಂತ ಉದ್ದದ, ಪಕ್ಕೆಯಲ್ಲಿ ಗುಲಾಬಿ ಪಟ್ಟೆಯ ಟ್ರೌಟ್. ಹನ್ನೊಂದು ವರ್ಷದಲ್ಲಿ ಟಾರ್ಬೆಟ್ ಅಂಥದ್ದೊಂದನ್ನೂ ಬಿಟ್ಟಿರಲಿಲ್ಲ. ಆ ಮನುಷ್ಯ ಮೀನನ್ನು ಎತ್ತಿ ಹಿಡಿದು, ಮೂಸಿ ನೋಡಿ, ಬೋರ್ಡಿನ ಕಡೆ ತಿರುಗಿ, ಮೆಲ್ಲಗೆ ಹುಲ್ಲಿನ ಮೇಲಿಟ್ಟ.

"ಯಾರಿಗಾದ್ರೂ ಬೇಕಾ?"

ಯಾರಿಗೂ ಬೇಡವಾಗಿತ್ತು. ಡೆಲ್ಮರ್ ಇಸ್ತ್ರಿ ಹಾಕಿದ ಅಂಗಿಯಲ್ಲಿ ನಿಂತು ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕುತ್ತ ತೆಗೆಯುತ್ತ ಇದ್ದ.

ಮೊದಲ ಮೀನನ್ನು ದಡದಲ್ಲೇ ಹುರಿದು ಕೊಡುವುದು ಪ್ರತಿ ವರ್ಷ ನನ್ನ ಕೆಲಸ. ಒಲೆ ಹೊತ್ತಿಸಿಟ್ಟಿದ್ದೆ. ಅದನ್ನು ಎತ್ತಿ, ಸೀಳಿ, ಬೆಣ್ಣೆಯಲ್ಲಿ ಹುರಿದು ತಟ್ಟೆಗೆ ಹಾಕಿದೆ. ಸುತ್ತ ಜನ ಸೇರಿತು, ಆದರೆ ಐದು ಹೆಜ್ಜೆ ಬಿಟ್ಟು.

"ನೀರಿನ ವರದಿ ಚೆನ್ನಾಗಿದೆ" ಎಂದು ಕ್ವಿಸ್ಟ್ ಕಾಗದ ಎತ್ತಿ ತೋರಿಸಿದರು.

"ಹಾಗಾದ್ರೆ ನೀವೇ ತಿನ್ನಿ" ಎಂದ ಪಸಡೀನಾದವನು.

"ನಾನು ಡ್ಯೂಟಿಯಲ್ಲಿದ್ದೀನಿ."

ತಟ್ಟೆ ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು. ಆಗ ನೋರೀನ್ ಜನರನ್ನು ಸರಿಸಿಕೊಂಡು ಬಂದಳು. ಹೆಗಲ ಮೇಲೆ ಕೈ ಇಟ್ಟಿದ್ದರೂ, ಗುರುವಾರದಿಂದ ಗಂಡನ ಜೊತೆ ಒಂದು ಮಾತೂ ಆಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಫೋನಿನ ಪಿಸುಗುಟ್ಟುವಿಕೆಯನ್ನು ಅವಳಿನ್ನೂ ಕ್ಷಮಿಸಿರಲಿಲ್ಲ. ತಟ್ಟೆ ಕಿತ್ತುಕೊಂಡು ನಿಂತಲ್ಲೇ ತಿನ್ನತೊಡಗಿದಳು. ಅರ್ಧ ಮೀನು ಮುಗಿಯುವವರೆಗೆ ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು. ಅವಳು ಒಂದು ಮುಳ್ಳನ್ನು ಬಾಯಿಂದ ತೆಗೆದು ಬದಿಗಿಟ್ಟು ಡೆಲ್ಮರ್‌ನನ್ನು ನೋಡಿದಳು.

"ದಪ್ಪಗೇ ಇವೆ" ಎಂದಳು. "ಉಪ್ಪು ಸ್ವಲ್ಪ ಕಮ್ಮಿ."

ಡೆಲ್ಮರ್ ನಕ್ಕ. ಕ್ವಿಸ್ಟ್ ಗಡಿಯಾರ ನೋಡಿಕೊಂಡು, ಡ್ಯೂಟಿ ಮುಗಿಯಿತೆಂದು ಘೋಷಿಸಿ, ಉಳಿದರ್ಧಕ್ಕೆ ಕೈ ಹಾಕಿದರು. ಜನ ಒಂದೊಂದೇ ಹೆಜ್ಜೆ ಮುಂದೆ ಬಂದರು. ಅಲ್ಲಲ್ಲಿ ಗಾಳಗಳು ಮತ್ತೆ ನೀರಿಗೆ ಬಿದ್ದವು. ಪಸಡೀನಾದವನು ತನ್ನ ಮೀನು ಎಲ್ಲಿ ಎಂದು ಜಗಳಕ್ಕೆ ನಿಂತ.

ಎರಡನೆಯ ಮೀನನ್ನು ನಾನೇ ಹುರಿದೆ, ಉಪ್ಪು ಸರಿಯಾಗಿ ಹಾಕಿ. ಮೂರನೆಯವನಾಗಿ ತಿಂದವನೂ ನಾನೇ. ಆದರೆ ತಟ್ಟೆ ಹಿಡಿದುಕೊಂಡು ಕಾಲು ಗಂಟೆ ಕಾದೆ. ನೋರೀನ್ ನಡೆದಾಡುತ್ತಿದ್ದಳು, ಕ್ವಿಸ್ಟ್ ಏನನ್ನೋ ಬರೆಯುತ್ತಿದ್ದರು, ಇಬ್ಬರ ಮುಖದ ಬಣ್ಣವೂ ಇದ್ದ ಹಾಗೇ ಇತ್ತು. ಅದನ್ನು ಖಾತ್ರಿ ಮಾಡಿಕೊಂಡೇ ಬಾಯಿಗಿಟ್ಟೆ.